ಸಿಟ್ರಸ್ ಪರ್ಫ್ಯೂಮ್ ಕೊಳ್ಳುವ ಮುನ್ನ ನಾಲ್ಕನೆಯ ಗಂಟೆಯವರೆಗೆ ಕಾಯಿರಿ

ಗಂಡಸರ ಪರ್ಫ್ಯೂಮ್‌ಗಳ ಪೈಕಿ ಮೊದಲ ಸಿಂಪಡಿಕೆಗೇ ಮನಸ್ಸು ಗೆಲ್ಲುವುದು ನಿಂಬೆ, ಕಿತ್ತಳೆ ಜಾತಿಯ ಹಣ್ಣುಗಳ ಪರಿಮಳವಿರುವವು. ಕೊಳ್ಳುವವರು ಎಡವುವುದೂ ಅಲ್ಲಿಯೇ. ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಸಿಂಪಡಿಸಿ ಮೂಗಿಗೆ ಹಿಡಿದಾಗ ಈಗಷ್ಟೇ ಸುಲಿದ ಸಿಪ್ಪೆಯ ಘಮ. ಬಿಲ್ ಮಾಡಿಸಿ, ಮನೆಗೆ ಬಂದು, ಕೈ ಮೂಸಿ ನೋಡಿದರೆ ಹಣ್ಣು ಎಲ್ಲೂ ಇಲ್ಲ. ಅಡಿಯಲ್ಲಿದ್ದ ಬೇರೊಂದು ವಾಸನೆ ಉಳಿದಿರುತ್ತದೆ. ಐನೂರು ರೂಪಾಯಿಯ ಬಾಟಲಿಯಾದರೆ ಹೋಗಲಿ ಎನ್ನಬಹುದು. ಆದರೆ ನೀಶ್ ಪರ್ಫ್ಯೂಮ್‌ಗಳು, ಅಂದರೆ ಪರಿಮಳವನ್ನೇ ಕಸುಬಾಗಿಸಿಕೊಂಡ ಸಣ್ಣ ಮನೆತನಗಳು ತಯಾರಿಸಿ ಆಯ್ದ ಮಳಿಗೆಗಳಲ್ಲಷ್ಟೇ ಮಾರುವ ಸರಕು, ಹಾಗಲ್ಲ. ಅಲ್ಲಿ ಒಂದು ಬಾಟಲಿಗೆ ಹತ್ತು, ಇಪ್ಪತ್ತು ಸಾವಿರ ತೆರಬೇಕಾಗುತ್ತದೆ. ಅಷ್ಟು ಹಣ ಕೊಡುವವರು ಮೊದಲ ಹತ್ತು ನಿಮಿಷದ ಘಮವನ್ನು ಸವಿಯಲಿ, ತೀರ್ಮಾನವನ್ನು ಮಾತ್ರ ನಾಲ್ಕನೆಯ ಗಂಟೆಗೆ ಬಿಡಲಿ. ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಒಂದು ಮಾತಿನಿಂದ ಹುಟ್ಟಿದವು.

ಹಣ್ಣಿನ ಘಮ ಏಕೆ ಓಡಿಹೋಗುತ್ತದೆ

ಒಂದು ಕಿತ್ತಳೆ ಸಿಪ್ಪೆಯನ್ನು ಉರಿಯುವ ಮೇಣದಬತ್ತಿಯ ಹತ್ತಿರ ಹಿಡಿದು, ಹೊರಮೈ ಜ್ವಾಲೆಯ ಕಡೆಗಿರುವಂತೆ ಮಡಚಿ ಒತ್ತಿ. ಸಿಪ್ಪೆಯಿಂದ ಸಣ್ಣ ತುಂತುರು ಚಿಮ್ಮಿ ಚಟಪಟನೆ ಕಿಡಿಯಾಗಿ ಉರಿಯುತ್ತದೆ. ಸಿಪ್ಪೆಯ ಮೇಲೆ ಕಾಣುವ ಚುಕ್ಕೆಗಳೆಲ್ಲ ಎಣ್ಣೆಯ ಪುಟ್ಟ ಚೀಲಗಳು. ಆ ಎಣ್ಣೆಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಲಿಮೋನೀನ್ ಎಂಬ ಒಂದೇ ರಾಸಾಯನಿಕ. ಅದರ ಅಣು ಹಗುರ, ಹಾಗಾಗಿ ಬೇಗ ಆವಿಯಾಗುತ್ತದೆ. ಮೂಗಿಗೆ ಥಟ್ಟನೆ ತಲುಪುವುದಕ್ಕೂ ಬೇಗ ಮಾಯವಾಗುವುದಕ್ಕೂ ಕಾರಣ ಒಂದೇ. ಇದು ತಯಾರಕರ ವಂಚನೆಯಲ್ಲ, ಹಣ್ಣಿನ ಸ್ವಭಾವ. ಶ್ರೀಗಂಧ, ಲಾವಂಚ, ಕಸ್ತೂರಿಯಂಥ ಕಂಪುಗಳ ಅಣುಗಳು ಭಾರವಾದ್ದರಿಂದ ಚರ್ಮದ ಮೇಲೆ ಗಂಟೆಗಟ್ಟಲೆ ಕೂರುತ್ತವೆ. ಒಗ್ಗರಣೆಯ ಘಮ ನಮ್ಮನ್ನು ಅಡುಗೆಮನೆಗೆ ಕರೆಯುತ್ತದೆ, ಆದರೆ ಉಣ್ಣುವುದು ಸಾರನ್ನು. ಸಿಟ್ರಸ್ ಪರ್ಫ್ಯೂಮ್‌ನ ವ್ಯವಹಾರವೂ ಹಾಗೆಯೇ.

ಈ ಸಮಸ್ಯೆ ಮುನ್ನೂರು ವರ್ಷ ಹಳೆಯದು. ಇಟಲಿಯಿಂದ ವಲಸೆ ಹೋದ ಯೊಹಾನ್ ಮರಿಯಾ ಫರೀನಾ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಮಾರಿದ ಸುಗಂಧಜಲ ಬರ್ಗಮಾಟ್ ಎಂಬ ಸಿಟ್ರಸ್ ಹಣ್ಣು, ನಿಂಬೆ, ಕಿತ್ತಳೆಯ ಮೇಲೆ ನಿಂತಿತ್ತು. ಇಂದು ‘ಕಲೋನ್’ ಎಂದು ಕರೆಯುವುದೆಲ್ಲ ಅದರ ಸಂತತಿ. ಅದು ಬಹಳ ಹೊತ್ತು ಉಳಿಯುತ್ತಿರಲಿಲ್ಲ, ಉಳಿಯಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ. ಮೈಗೆ ಧಾರಾಳವಾಗಿ ಸುರಿದುಕೊಂಡು, ಬೇಕೆನಿಸಿದಾಗ ಮತ್ತೆ ಹಾಕಿಕೊಳ್ಳುತ್ತಿದ್ದರು. ದಿನವಿಡೀ ಉಳಿಯಲಿ ಎಂಬ ಆಸೆ ಬಂದದ್ದು ನಂತರ. 1966ರಲ್ಲಿ ಎಡ್ಮಂಡ್ ರುದ್ನಿತ್ಸ್ಕಾ ಡಿಯೋರ್ ಸಂಸ್ಥೆಗಾಗಿ ರಚಿಸಿದ ‘ಓ ಸೊವಾಜ್’ ಅದಕ್ಕೊಂದು ಸುಂದರ ಉತ್ತರ ಕೊಟ್ಟಿತು. ನಿಂಬೆಯ ಜೊತೆಗೆ ಹೆಡಿಯೋನ್ ಎಂಬ, ಮಲ್ಲಿಗೆಯ ತೆಳುಛಾಯೆಯ ಹೊಸ ರಾಸಾಯನಿಕವನ್ನು ಅವರು ಬಳಸಿದ್ದರು. ಹಣ್ಣು ಹೋದ ಮೇಲೂ ಗಾಳಿಯಾಡಿದಂಥ ಹಗುರತನ ಉಳಿಯಿತು. ನೀವು ಇಂದು ಪರೀಕ್ಷಿಸುವ ಯಾವುದೇ ಸಿಟ್ರಸ್ ಪರ್ಫ್ಯೂಮ್ ಇದೇ ಪ್ರಶ್ನೆಗೆ ತನ್ನದೊಂದು ಉತ್ತರ ಹೇಳುತ್ತಿರುತ್ತದೆ: ಹಣ್ಣು ಹೋದ ಮೇಲೆ ಏನು?

ಮೊದಲ ಹೆಜ್ಜೆ: ಮಾರುಕಟ್ಟೆಯ ಚೀಲದಿಂದ ಮೂಗಿಗೆ ಪಾಠ

ಅಂಗಡಿಗೆ ಹೋಗುವ ಮುನ್ನ ತರಕಾರಿ ಮಾರುಕಟ್ಟೆಗೆ ಹೋಗಿ. ಈ ವಿಷಯದಲ್ಲಿ ನಾವು ಭಾಗ್ಯವಂತರು. ನಿಂಬೆ, ಮೂಸಂಬಿ, ಕಿತ್ತಳೆ, ಹೇರಳೆಕಾಯಿ, ಗಜನಿಂಬೆ, ಮಾದಲ, ಚಕ್ಕೋತ, ಇಷ್ಟೆಲ್ಲ ನಮ್ಮಲ್ಲಿ ಸಿಗುತ್ತವೆ. ಕೊಡಗಿನ ಕಿತ್ತಳೆಗೂ ದೇವನಹಳ್ಳಿಯ ಚಕ್ಕೋತಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಸಿಕ್ಕಷ್ಟು ತಂದು ಒಂದೊಂದರ ಸಿಪ್ಪೆಯನ್ನೂ ಉಗುರಿನಿಂದ ಗೀರಿ ಮೂಸಿ. ಕಿತ್ತಳೆಯದು ಸಿಹಿ, ನಿಂಬೆಯದು ಚುರುಕು. ಚಕ್ಕೋತದ ಸಿಪ್ಪೆಯಲ್ಲಿ ಒಂದು ಕಹಿ ಇದೆ. ಪರ್ಫ್ಯೂಮ್‌ಗಳಲ್ಲಿ ‘ಗ್ರೇಪ್‌ಫ್ರೂಟ್’ ಎಂದು ಬರೆದಿದ್ದರೆ ಅದು ಚಕ್ಕೋತದ ಸಂತಾನವೇ, ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ ಹುಟ್ಟಿದ್ದು.

ಸಿಪ್ಪೆಯ ನಂತರ ಎಲೆ. ಹೇರಳೆಯ ಅಥವಾ ನಿಂಬೆಯ ಎಲೆಯೊಂದನ್ನು ಅಂಗೈಯಲ್ಲಿ ಹಿಸುಕಿ ನೋಡಿ. ಹಸಿರು, ತುಸು ಒಗರು, ಕಡ್ಡಿ ಮುರಿದಂಥ ಘಮ. ಪರ್ಫ್ಯೂಮ್‌ನವರು ‘ಪೆಟಿಗ್ರೇನ್’ ಎನ್ನುವುದು ಇದರ ಹತ್ತಿರದ ಬಂಧು. ಕಹಿ ಕಿತ್ತಳೆ ಗಿಡದ ಎಲೆ ಮತ್ತು ಎಳೆಯ ರೆಂಬೆಗಳನ್ನು ಬಟ್ಟಿ ಇಳಿಸಿ ತೆಗೆಯುವ ಎಣ್ಣೆ ಅದು. ಅದೇ ಗಿಡದ ಹೂವನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ‘ನೆರೋಲಿ’, ಕಾಯಿಯ ಸಿಪ್ಪೆ ಹಿಂಡಿದರೆ ‘ಬಿಗರಾಡ್’. ಒಂದೇ ಗಿಡ ಮೂರು ಬೇರೆ ಬೇರೆ ಪರಿಮಳಗಳನ್ನು ಕೊಡುತ್ತದೆ, ಬೆಲೆಯಲ್ಲಿ ನೆರೋಲಿ ಎಲ್ಲಕ್ಕಿಂತ ಮೇಲೆ.

ನಮ್ಮ ಮಾರುಕಟ್ಟೆಯಲ್ಲಿ ಸಿಗದ ಮುಖ್ಯ ಹಣ್ಣು ಒಂದೇ, ಬರ್ಗಮಾಟ್. ಜಗತ್ತಿನ ಬರ್ಗಮಾಟ್ ಎಣ್ಣೆಯಲ್ಲಿ ಬಹುಪಾಲು ಬರುವುದು ಇಟಲಿಯ ದಕ್ಷಿಣದ ತುತ್ತತುದಿಯ ಕಲಾಬ್ರಿಯಾದಿಂದ, ಅಲ್ಲಿಯೂ ರೆಜ್ಜೋ ಕಲಾಬ್ರಿಯಾ ಸುತ್ತಲಿನ ಕಡಲತೀರದ ಕಿರಿದಾದ ಪಟ್ಟಿಯಿಂದ. ಅದರ ಪರಿಚಯ ಬೇಕಿದ್ದರೆ ಒಂದು ಪೊಟ್ಟಣ ಅರ್ಲ್ ಗ್ರೇ ಚಹಾ ತನ್ನಿ. ಆ ಚಹಾದ ಘಮವೇ ಬರ್ಗಮಾಟ್‌ನದು. ಕಿತ್ತಳೆಗಿಂತ ಬರ್ಗಮಾಟ್‌ನಲ್ಲಿ ಲಿಮೋನೀನ್ ಕಡಿಮೆ. ಲ್ಯಾವೆಂಡರ್ ಹೂವಿನಲ್ಲೂ ಇರುವ ಲಿನಲಿಲ್ ಅಸಿಟೇಟ್ ಅದರಲ್ಲಿ ಧಾರಾಳವಾಗಿದೆ. ಅದಕ್ಕೇ ಹಣ್ಣೂ ಅಲ್ಲದ, ಹೂವೂ ಅಲ್ಲದ ಆ ಸೌಮ್ಯ ಗುಣ.

ಇಷ್ಟು ಮಾಡಿದ ಮೂಗಿಗೆ ಅಂಗಡಿಯವರ ವರ್ಣನೆ ಬೇಕಾಗುವುದಿಲ್ಲ. ‘ಫ್ರೆಶ್ ಆಗಿದೆ ಸರ್’ ಎಂದರೆ ಯಾವ ಬಗೆಯ ಫ್ರೆಶ್ ಎಂದು ನೀವೇ ಹೇಳಬಲ್ಲಿರಿ.

ಎರಡನೆಯ ಹೆಜ್ಜೆ: ಏನನ್ನು ಪರೀಕ್ಷಿಸಬೇಕು

ಎರಡು ದಾರಿಗಳಿವೆ, ಮೊದಲೇ ಒಂದನ್ನು ಆರಿಸಿಕೊಳ್ಳಿ. ಶುದ್ಧ ಕಲೋನ್ ಶೈಲಿ ಒಂದು: ಹೊಳಪು ಹೆಚ್ಚು, ಆಯಸ್ಸು ಕಡಿಮೆ. ಹಣ್ಣನ್ನು ಮರ, ಬೇರು, ಕಸ್ತೂರಿಯ ಮೇಲೆ ನಿಲ್ಲಿಸಿದ ಶೈಲಿ ಇನ್ನೊಂದು. ಸ್ನಾನದ ನಂತರದ ಒಂದು ಗಂಟೆಯ ಉಲ್ಲಾಸಕ್ಕಾಗಿ ಮೊದಲನೆಯದು, ಬೆಳಿಗ್ಗೆ ಹಾಕಿಕೊಂಡು ಮಧ್ಯಾಹ್ನದವರೆಗೆ ಬೇಕೆಂದರೆ ಎರಡನೆಯದು. ಮೊದಲನೆಯ ಶೈಲಿಯದನ್ನು ಕೊಂಡು ಎರಡನೆಯದರ ಕೆಲಸ ನಿರೀಕ್ಷಿಸಿದರೆ ನಿರಾಸೆ ಖಂಡಿತ.

ಉದಾಹರಣೆಗೆ ನಾನು ಆರಿಸುವುದು ಲೆ ಲಾಬೋ ಸಂಸ್ಥೆಯ ‘ಬರ್ಗಮಾಟ್ 22’. ಆ ಸಂಸ್ಥೆ 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು, ಇದು ಅದರ ಮೊದಲ ಪರಿಮಳಗಳಲ್ಲೊಂದು, ರಚಿಸಿದವರು ದಾಫ್ನೆ ಬುಜೇ. ಬರ್ಗಮಾಟ್, ಗ್ರೇಪ್‌ಫ್ರೂಟ್, ಪೆಟಿಗ್ರೇನ್, ಕಿತ್ತಳೆ ಹೂ ಮೇಲುಭಾಗದಲ್ಲಿ. ಲಾವಂಚ, ಸೀಡರ್ ಮರ, ಅಂಬರ್ ಎಂಬ ಬೆಚ್ಚಗಿನ ಸಿಹಿ ಕಂಪು, ಕಸ್ತೂರಿ ಅಡಿಯಲ್ಲಿ. ಕಲಿಯುವವರಿಗೆ ಇದು ಒಳ್ಳೆಯ ಪಾಠ, ಏಕೆಂದರೆ ಪ್ರತಿ ಪದರವೂ ಬೇರೆಬೇರೆಯಾಗಿ ಗುರುತು ಸಿಗುತ್ತದೆ. ಬೇರೆ ರೀತಿಯ ಉತ್ತರ ನೋಡಬೇಕೆಂದರೆ ಡೊಮಿನಿಕ್ ರೊಪಿಯೋ 2015ರಲ್ಲಿ ಫ್ರೆಡರಿಕ್ ಮಾಲ್ ಸಂಸ್ಥೆಗೆ ಮಾಡಿದ ‘ಕಲೋನ್ ಆಂಡೆಲೆಬಿಲ್’ ಇದೆ. ಅಲ್ಲಿ ನೆರೋಲಿ ಮತ್ತು ಕಿತ್ತಳೆ ಹೂವಿನ ಕೆಳಗೆ ‘ಬಿಳಿ ಕಸ್ತೂರಿ’ ಎನ್ನುವ ಕೃತಕ ಕಸ್ತೂರಿಗಳು ದಟ್ಟವಾಗಿವೆ, ಮರದ ಬದಲು ಒಗೆದ ಬಟ್ಟೆಯ ಶುಭ್ರತೆ ಉಳಿಯುತ್ತದೆ.

ಇವುಗಳ ಮೇಲೆ ‘ಗಂಡಸರಿಗೆ’ ಎಂಬ ಮುದ್ರೆ ಇರುವುದಿಲ್ಲ. ನೀಶ್ ಮನೆತನಗಳಲ್ಲಿ ಹೆಚ್ಚಿನವು ಹೆಣ್ಣು ಗಂಡು ಎಂದು ಬಾಟಲಿಗಳನ್ನು ವಿಂಗಡಿಸುವುದಿಲ್ಲ. ಅದರ ಬಗ್ಗೆ ಚಿಂತೆ ಬೇಡ. ಒಣಗಿದ, ಕಹಿಯಾದ, ಮರದ ಕಡೆಗೆ ವಾಲುವ ಸಿಟ್ರಸ್ ಬೇಕೋ, ಹೂವಿನ ಕಡೆಗೆ ವಾಲುವುದು ಬೇಕೋ ಎಂಬುದಷ್ಟೇ ನಿಮ್ಮ ಪ್ರಶ್ನೆ.

ಹೋಲಿಕೆಗಾಗಿ ಅಗ್ಗದ ಒಂದು ಬಾಟಲಿಯೂ ಬೇಕು. ಕಲೋನ್ ನಗರದ್ದೇ ಆದ ‘4711’ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಂದು ಕೈಗೆ ದುಬಾರಿಯದು, ಇನ್ನೊಂದು ಕೈಗೆ ಇದು. ಅರ್ಧ ಗಂಟೆಯ ನಂತರ ಎರಡಕ್ಕೂ ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಹಣ ಉಳಿಯಿತು.

ಮೂರನೆಯ ಹೆಜ್ಜೆ: ಅಂಗಡಿಯಲ್ಲಿ

ಅಂಗಡಿಗೆ ಹೋಗುವ ದಿನ ಮೈಗೆ ಬೇರೇನೂ ಹಾಕಿಕೊಳ್ಳಬೇಡಿ. ಡಿಯೋಡರೆಂಟ್, ಪರಿಮಳದ ಆಫ್ಟರ್‌ಶೇವ್, ತಲೆಗೆ ಘಮಘಮಿಸುವ ಎಣ್ಣೆ ಯಾವುದೂ ಬೇಡ. ಬೆಳಿಗ್ಗೆಯ ಹೊತ್ತು ಒಳ್ಳೆಯದು; ಅಂಗಡಿಯ ಗಾಳಿಯೂ ತಿಳಿಯಾಗಿರುತ್ತದೆ, ಮೂಗೂ ದಣಿದಿರುವುದಿಲ್ಲ. ನೆಗಡಿಯಿದ್ದರೆ ಹೋಗಲೇಬೇಡಿ.

ಕಾಗದದ ಪಟ್ಟಿಗೆ ಒಂದೇ ಸಿಂಪಡಿಕೆ. ಮದ್ಯಸಾರದ ಘಾಟು ಹಾರಲು ಹತ್ತಿಪ್ಪತ್ತು ಸೆಕೆಂಡು ಬಿಟ್ಟು, ಮೂಗಿಗೆ ತಾಗಿಸದೆ ಮೂಸಿ. ಪಟ್ಟಿಯ ಮೇಲೆ ಹೆಸರು, ಸಮಯ ಎರಡನ್ನೂ ಬರೆದುಕೊಳ್ಳಿ. ಒಂದು ಭೇಟಿಯಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಬೇಡ. ಮಧ್ಯೆ ಮಧ್ಯೆ ಕಾಫಿ ಬೀಜ ಮೂಸಿದರೆ ಮೂಗು ಶುದ್ಧವಾಗುತ್ತದೆ ಎಂದು ಅಂಗಡಿಯವರು ಬಟ್ಟಲು ಮುಂದೆ ಹಿಡಿಯುತ್ತಾರೆ. 2011ರಲ್ಲಿ ಅಮೆರಿಕದ ಬೆಲೋಯಿಟ್ ಕಾಲೇಜಿನ ಮನಃಶಾಸ್ತ್ರಜ್ಞರು ಕಾಫಿ ಬೀಜ, ನಿಂಬೆಹೋಳು, ಬರಿಯ ಗಾಳಿ ಮೂರನ್ನೂ ಹೋಲಿಸಿ ನೋಡಿದರು. ಕಾಫಿಯಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಅಂಗಡಿಯ ಹೊರಗೆ ಎರಡು ನಿಮಿಷ ನಿಂತು ಬನ್ನಿ, ಸಾಕು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಪ್ರದರ್ಶನಕ್ಕಿಟ್ಟ ಟೆಸ್ಟರ್ ಬಾಟಲಿ ತಿಂಗಳುಗಟ್ಟಲೆ ಬಿಸಿ ದೀಪದ ಕೆಳಗೆ ನಿಂತಿರಬಹುದು. ಸಿಟ್ರಸ್ ಎಣ್ಣೆಗಳು ಬೆಳಕು, ಶಾಖ, ಗಾಳಿ ತಾಗಿದರೆ ಬೇರೆ ಹೆಚ್ಚಿನ ಎಣ್ಣೆಗಳಿಗಿಂತ ಬೇಗ ಕೆಡುತ್ತವೆ. ಮೊದಲ ಸಿಂಪಡಿಕೆಯಲ್ಲೇ ಬಣ್ಣಕ್ಕೆ ಬಳಸುವ ಟರ್ಪೆಂಟೈನ್‌ನಂಥ ವಾಸನೆಯೋ ಹುಳಿ ವಾಸನೆಯೋ ಬಂದರೆ ಪರ್ಫ್ಯೂಮನ್ನು ದೂರಬೇಡಿ, ಹೊಸ ಟೆಸ್ಟರ್ ಕೇಳಿ.

ಅಲ್ಲಿಯೇ ಇನ್ನೊಂದು ಪರೀಕ್ಷೆ ಮಾಡಬಹುದು. ಡೈಹೈಡ್ರೋಮಿರ್ಸೆನಾಲ್ ಎಂಬ ರಾಸಾಯನಿಕ ಸಾಬೂನು, ಬಟ್ಟೆ ಪುಡಿಗಳಲ್ಲೂ, ಗಂಡಸರ ‘ಸ್ಪೋರ್ಟ್’ ಪರ್ಫ್ಯೂಮ್‌ಗಳಲ್ಲೂ ಯಥೇಚ್ಛವಾಗಿ ಇರುತ್ತದೆ. 1988ರ ‘ಕೂಲ್ ವಾಟರ್’ ಅದನ್ನು ಮನೆಮಾತಾಗಿಸಿತು. ಅದರ ಚುರುಕು ಲೋಹದಂತೆ ತಣ್ಣಗಿರುತ್ತದೆ, ಸಿಪ್ಪೆ ಹಿಂಡಿದಾಗಿನ ರಸಭರಿತ ಗುಣ ಅದಕ್ಕಿಲ್ಲ. ಹಣ್ಣನ್ನು ಮೂಸಿ ಬಂದ ಮೂಗಿಗೆ ಈ ಭೇದ ಕೂಡಲೇ ಗೊತ್ತಾಗುತ್ತದೆ. ಇಪ್ಪತ್ತು ಸಾವಿರದ ಬಾಟಲಿಯಿಂದ ಅದೇ ಲೋಹದ ತಂಪೊಂದೇ ಬರುತ್ತಿದ್ದರೆ ನಾನಂತೂ ಕೊಳ್ಳುವುದಿಲ್ಲ.

ಪಟ್ಟಿಗಳನ್ನು ಜೇಬಿಗೆ ಹಾಕಿಕೊಂಡು ಹೊರಡಿ. ಒಟ್ಟಿಗೆ ಇಟ್ಟರೆ ಒಂದರ ಘಮ ಇನ್ನೊಂದಕ್ಕೆ ಹತ್ತುತ್ತದೆ, ಬೇರೆಬೇರೆ ಜೇಬು ಅಥವಾ ಲಕೋಟೆ ಇರಲಿ. ಅಂದು ಬಾಟಲಿ ಕೊಳ್ಳಬೇಡಿ. ರಿಯಾಯಿತಿ ಇಂದಿಗೇ ಮುಗಿಯುತ್ತದೆ ಎಂದರೂ ಬೇಡ.

ನಾಲ್ಕನೆಯ ಹೆಜ್ಜೆ: ಸ್ಯಾಂಪಲ್ ತರಿಸಿ, ಮೈಮೇಲೆ ಒಂದು ಪೂರ್ತಿ ದಿನ

ಹೆಚ್ಚಿನ ನೀಶ್ ಮನೆತನಗಳು ಒಂದೂವರೆ, ಎರಡು ಮಿಲಿಲೀಟರ್‌ನ ಸ್ಯಾಂಪಲ್‌ಗಳನ್ನೋ ಹಲವನ್ನು ಸೇರಿಸಿದ ಡಿಸ್ಕವರಿ ಸೆಟ್‌ಗಳನ್ನೋ ಮಾರುತ್ತವೆ. ದೊಡ್ಡ ಬಾಟಲಿಯಿಂದ ಚಿಕ್ಕ ಶೀಶೆಗೆ ಸುರಿದು ಮಾರುವ ಡಿಕ್ಯಾಂಟ್ ವ್ಯಾಪಾರವೂ ಇದೆ. ನಂಬಿಕಸ್ಥರಿಂದ ಮಾತ್ರ ಕೊಳ್ಳಿ. ನಕಲಿ ಸರಕು ಸುಲಭವಾಗಿ ಸೇರಿಕೊಳ್ಳುವ ಜಾಗ ಅದು. ಎರಡು ಮಿಲಿಲೀಟರ್ ಎಂದರೆ ಹಲವು ದಿನಗಳ ಪರೀಕ್ಷೆಗೆ ಸಾಕು.

ಮೊದಲು ಚರ್ಮದ ಸುರಕ್ಷತೆ. ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ ಒಂದೆರಡು ದಿನ ನೋಡಿ. ಗಾಳಿ ತಾಗಿ ಹಳತಾದ ಲಿಮೋನೀನ್ ಮತ್ತು ಲಿನಲೂಲ್ ಎಂಬ ಇನ್ನೊಂದು ಪರಿಮಳದ ರಾಸಾಯನಿಕ ಕೆಲವರಿಗೆ ಅಲರ್ಜಿ ತರುತ್ತವೆ. ಪೆಟ್ಟಿಗೆಯ ಮೇಲೆ ಅವುಗಳ ಹೆಸರು ಮುದ್ರಿಸಿರುವುದು ಅದಕ್ಕೇ. ಬರ್ಗಮಾಟ್‌ನಲ್ಲಿ ಸಹಜವಾಗಿ ಇರುವ ಬರ್ಗಾಪ್ಟೆನ್ ಬಿಸಿಲಿನ ಜೊತೆ ಸೇರಿ ಚರ್ಮದ ಮೇಲೆ ಕಂದು ಕಲೆ ಮೂಡಿಸಬಲ್ಲದು. ಈಗಿನ ಕಂಪನಿಗಳು ಸಾಮಾನ್ಯವಾಗಿ ಅದನ್ನು ತೆಗೆದ ಎಣ್ಣೆಯನ್ನೇ ಬಳಸುತ್ತವೆ. ಆದರೂ ಬಿಸಿಲಿಗೆ ಹೋಗುವ ದಿನ ಕತ್ತು, ಮುಖಕ್ಕೆ ಬೇಡ, ಅಂಗಿಯ ಒಳಗೆ ಎದೆಯ ಮೇಲೆ ಹಾಕಿಕೊಳ್ಳಿ. ಆಗಷ್ಟೇ ಕ್ಷೌರ ಮಾಡಿದ ಚರ್ಮಕ್ಕಂತೂ ಬೇಡವೇ ಬೇಡ, ಉರಿಯುತ್ತದೆ. ಮನೆಯಲ್ಲಿ ಅಸ್ತಮಾ ಅಥವಾ ಅರೆತಲೆನೋವು ಇರುವವರಿದ್ದರೆ ಅವರನ್ನು ಕೇಳಿಯೇ ಮುಂದುವರಿಯಿರಿ.

ರಜಾದಿನ ಬೆಳಿಗ್ಗೆ ಪರಿಮಳ ಕಡಿಮೆಯಿರುವ ಸಾಬೂನಿನಿಂದ ಸ್ನಾನ ಮಾಡಿ, ಒಂದು ಮುಂಗೈಗೆ ಎರಡು ಸಿಂಪಡಿಕೆ ಹಾಕಿ. ಕೈಗೆ ಕೈ ಉಜ್ಜಬೇಡಿ, ತಾನಾಗಿ ಒಣಗಲಿ. ಬರ್ಗಮಾಟ್ 22 ಆದರೆ ಮೊದಲು ಬರುವುದು ಹೊಳೆಯುವ, ತುಸು ಕಹಿ ಸಿಪ್ಪೆ. ಚಕ್ಕೋತ ಗೀರಿದ ನೆನಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಸಿಪ್ಪೆ ಹಿಂದೆ ಸರಿದು ಎಲೆಯ ಹಸಿರು ಒಗರು ಮುಂದೆ ಬರುತ್ತದೆ, ಅದರ ಅಂಚಿನಲ್ಲಿ ಕಿತ್ತಳೆ ಹೂವಿನ ನಸುಸಿಹಿ. ಒಂದು ಗಂಟೆ ದಾಟುವಾಗ ಒಣಗಿದ ಬೇರಿನ ಕಂಪು ಏಳುತ್ತದೆ. ಬೇಸಿಗೆಯಲ್ಲಿ ಲಾವಂಚದ ಬೇರು ಹಾಕಿದ ನೀರು ಕುಡಿದವರಿಗೆ ಇದನ್ನು ಯಾರೂ ಪರಿಚಯಿಸಬೇಕಿಲ್ಲ. ಆಮೇಲೆ ಅಂಬರ್‌ನ ಬೆಚ್ಚಗಿನ ಸಿಹಿ, ಕಸ್ತೂರಿ. ಒಂದೊಂದು ಘಟ್ಟದಲ್ಲೂ ಫೋನಿನಲ್ಲಿ ಒಂದು ಸಾಲು ಬರೆದಿಡಿ: ಗಂಟೆ ಎಷ್ಟು, ಏನು ಕಾಣುತ್ತಿದೆ, ಇಷ್ಟವಾಯಿತೇ.

ನಾಲ್ಕನೆಯ ಗಂಟೆಗೆ ಮುಂಗೈ ಮೂಸಿ, ಮೊದಲ ಘಮವನ್ನು ಮರೆತು ಕೇಳಿಕೊಳ್ಳಿ: ಈ ವಾಸನೆಯನ್ನೇ ಯಾರಾದರೂ ಬಾಟಲಿಯಲ್ಲಿ ತುಂಬಿ ಕೊಟ್ಟಿದ್ದರೆ ನಾನು ಕೊಳ್ಳುತ್ತಿದ್ದೆನೇ? ಹೌದು ಎಂದರೆ ಮುಂದಿನ ಹೆಜ್ಜೆಗೆ ಹೋಗಿ. ‘ಮೊದಲಿನದು ಎಷ್ಟು ಚೆನ್ನಾಗಿತ್ತು’ ಎಂಬ ಹಳಹಳಿಕೆ ಮಾತ್ರ ಬಂದರೆ, ಮೊದಲಿನದನ್ನು ನಾಲ್ಕುನೂರು ಐನೂರು ರೂಪಾಯಿಯ ಕಲೋನ್ ಕೂಡ ಕೊಡಬಲ್ಲದು.

ಏನೂ ಕಾಣದಿದ್ದರೆ? ಪರ್ಫ್ಯೂಮ್ ಹೋಯಿತು ಎಂದು ತಕ್ಷಣ ಬರೆಯಬೇಡಿ. ಒಂದೇ ಘಮಕ್ಕೆ ಮೂಗು ಹೊಂದಿಕೊಂಡು ಸುಮ್ಮನಾಗುತ್ತದೆ. ಜೊತೆಗೆ, ಕೆಲವು ಕೃತಕ ಕಸ್ತೂರಿಗಳು ಕೆಲವರ ಮೂಗಿಗೆ ಹುಟ್ಟಿನಿಂದಲೇ ಕಾಣುವುದಿಲ್ಲ. ಸಿಟ್ರಸ್ ಪರ್ಫ್ಯೂಮ್‌ಗಳ ಅಡಿಪಾಯದಲ್ಲಿ ಕಸ್ತೂರಿಯೇ ಹೆಚ್ಚಾಗಿ ಇರುವುದರಿಂದ ನಿಮಗೆ ‘ಎರಡು ಗಂಟೆಗೆ ಮುಗಿಯಿತು’ ಎನಿಸಿದ್ದು ಪಕ್ಕದವರಿಗೆ ಸಂಜೆಯವರೆಗೂ ಕಾಣುತ್ತಿರಬಹುದು. ಹೆಂಡತಿಯನ್ನೋ ಅಣ್ಣನನ್ನೋ ಗೆಳೆಯನನ್ನೋ ಕರೆದು, ಏನೆಂದು ಹೇಳದೆ ಕೈ ಮುಂದೆ ಹಿಡಿಯಿರಿ. ಅವರ ಉತ್ತರ ನಿಮ್ಮ ಟಿಪ್ಪಣಿಗಿಂತ ನಂಬಿಕೆಗೆ ಅರ್ಹ.

ಐದನೆಯ ಹೆಜ್ಜೆ: ನಿಮ್ಮ ಊರಿನ ಹವೆಯಲ್ಲಿ

ರಜಾದಿನದ ಪರೀಕ್ಷೆ ಅರ್ಧ ಕಥೆ ಮಾತ್ರ. ಕೆಲಸದ ದಿನವೂ ಒಮ್ಮೆ ಹಾಕಿಕೊಳ್ಳಿ. ಯುರೋಪಿನ ತಂಪಿನಲ್ಲಿ ಬರೆದ ವಿಮರ್ಶೆಗಳ ಗಂಟೆ ಲೆಕ್ಕ ಕಲಬುರಗಿಯ ಏಪ್ರಿಲ್‌ನಲ್ಲಿ ನಡೆಯುವುದಿಲ್ಲ. ಶಾಖಕ್ಕೆ ಆವಿಯಾಗುವ ವೇಗ ಏರುತ್ತದೆ, ಹಣ್ಣಿನ ಭಾಗ ಇನ್ನೂ ಬೇಗ ಮುಗಿದು ಅಡಿಯ ಸಿಹಿ ಜೋರಾಗುತ್ತದೆ. ಮಂಗಳೂರಿನ ಬೆವರಿನಲ್ಲಿ ಅಂಬರ್ ಹೆಚ್ಚಿರುವ ಸಿಟ್ರಸ್ ಅಂಟಂಟಾಗಿ ಕಾಣಬಹುದು, ಅಲ್ಲಿಗೆ ಶುದ್ಧ ಕಲೋನ್ ಶೈಲಿಯೇ ಸರಿ ಎಂದು ನನ್ನ ಅಭಿಪ್ರಾಯ. ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಮರದ ಅಡಿಪಾಯದ್ದು ಚೆನ್ನಾಗಿ ಒದಗುತ್ತದೆ. ದುಬೈಯಲ್ಲಿರುವ ಕನ್ನಡಿಗರು ಎರಡನ್ನೂ ಒಂದೇ ದಿನ ಪರೀಕ್ಷಿಸಬಹುದು, ಹೊರಗೆ ಬೆಂಕಿ, ಒಳಗೆ ಚಳಿ.

ಆಯಸ್ಸು ಕಡಿಮೆ ಎನಿಸಿದರೆ ಬಾಟಲಿ ಬದಲಿಸುವ ಮುನ್ನ ಹಾಕಿಕೊಳ್ಳುವ ರೀತಿ ಬದಲಿಸಿ. ಒಣಚರ್ಮದಿಂದ ಘಮ ಬೇಗ ಹಾರುತ್ತದೆ. ಪರಿಮಳವಿಲ್ಲದ ಲೋಷನ್ ತೆಳುವಾಗಿ ಹಚ್ಚಿ ಅದರ ಮೇಲೆ ಸಿಂಪಡಿಸಿ. ಕೊಬ್ಬರಿ ಎಣ್ಣೆ ಬೇಡ, ಅದರ ಘಮವೇ ಮೇಲೇರುತ್ತದೆ. ಹತ್ತಿ ಅಂಗಿಯ ಒಳಭಾಗಕ್ಕೆ ಒಂದು ಸಿಂಪಡಿಕೆ ಹಾಕಿದರೆ ಚರ್ಮಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಬಿಳಿ ಅಂಗಿ, ರೇಷ್ಮೆ ಪಂಚೆ, ಶಲ್ಯಗಳಿಗೆ ಮಾತ್ರ ಬೇಡ, ಕಲೆಯಾಗಬಹುದು. ಮಧ್ಯಾಹ್ನ ಊಟದ ನಂತರ ಮತ್ತೊಮ್ಮೆ ಹಾಕಿಕೊಳ್ಳಲು ಜೇಬಿನಲ್ಲಿ ಐದು ಮಿಲಿಲೀಟರ್‌ನ ಸಣ್ಣ ಸ್ಪ್ರೇ ಇಟ್ಟುಕೊಳ್ಳುವುದು ಸಿಟ್ರಸ್ ಪ್ರಿಯರ ಹಳೆಯ ಅಭ್ಯಾಸ.

ಕೊನೆಯ ಹೆಜ್ಜೆ: ಬಾಟಲಿಯ ಗಾತ್ರ, ಇಡುವ ಜಾಗ

ಸ್ಯಾಂಪಲ್ ತಾನಾಗಿ ಖಾಲಿಯಾಗಿ, ಮತ್ತೆ ಬೇಕೆನಿಸಿದರೆ ಕೊಳ್ಳಿ. ಸಿಟ್ರಸ್ ವಿಷಯದಲ್ಲಿ ಸಿಗುವುದರಲ್ಲಿ ಚಿಕ್ಕ ಬಾಟಲಿಯನ್ನೇ ಆರಿಸಿ. ನೂರು ಮಿಲಿಲೀಟರ್‌ನದು ಲೆಕ್ಕದಲ್ಲಿ ಅಗ್ಗವಾಗಿ ಕಂಡರೂ ಅರ್ಧ ಖಾಲಿಯಾದ ಬಾಟಲಿಯೊಳಗೆ ಸೇರಿದ ಗಾಳಿ ಮೇಲಿನ ಘಮವನ್ನೇ ಮೊದಲು ತಿನ್ನುತ್ತದೆ. ನೀವು ಹಣ ಕೊಟ್ಟದ್ದೇ ಆ ಹೊಳಪಿಗಾಗಿ. ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ ಬಾಟಲಿಯ ತಳದ ಸಂಖ್ಯೆಗೆ ಹೊಂದುತ್ತದೆಯೇ ನೋಡಿ.

ಮನೆಗೆ ತಂದ ಮೇಲೆ ಬಚ್ಚಲುಮನೆಯ ಗೂಡು, ಕಿಟಕಿಯ ಕಟ್ಟೆ, ಕಾರಿನ ಡ್ಯಾಶ್‌ಬೋರ್ಡ್ ಮೂರನ್ನೂ ಬಿಟ್ಟು, ಬಟ್ಟೆಯ ಬೀರುವಿನಲ್ಲಿ ಅದರದೇ ಪೆಟ್ಟಿಗೆಯೊಳಗೆ ಇಡಿ. ಖರೀದಿಸಿದ ತಿಂಗಳನ್ನು ಪೆಟ್ಟಿಗೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ವಿಶೇಷ ದಿನಗಳಿಗೆಂದು ಎತ್ತಿಟ್ಟುಕೊಳ್ಳಲು ಇದು ಅಗರು ಮರದ ಊದ್ ಅತ್ತರಲ್ಲ. ತೆರೆದ ಬಾಟಲಿಯನ್ನು ಈ ಬೇಸಿಗೆ, ಮುಂದಿನ ಬೇಸಿಗೆ ಎನ್ನುವಷ್ಟರಲ್ಲಿ ಧಾರಾಳವಾಗಿ ಬಳಸಿ ಮುಗಿಸಿ.